ಹೀಪ್ 512, ಟಾಪ್‌ನಲ್ಲಿ 800

ನಿನ್ನೆ ರಾತ್ರಿ ಒಂದು ಜಾವಾ ಪ್ರೋಗ್ರಾಂ ಸದ್ದಿಲ್ಲದೆ ನಿಂತುಹೋಗಿತ್ತು. ಅದರ ಲಾಗ್‌ನಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ಕರ್ನಲ್ ಲಾಗ್ ತೆಗೆದು ನೋಡಿದರೆ, ಮೆಮೊರಿ ಸಾಲದೆ ಲಿನಕ್ಸೇ ಅದನ್ನು ಕೊಂದಿತ್ತು.

ಹೀಪ್‌ಗೆ, ಅಂದರೆ ಜಾವಾ ತನ್ನ ಆಬ್ಜೆಕ್ಟ್‌ಗಳನ್ನು ಇಡುವ ಮೆಮೊರಿಗೆ, ನಾನು ಕೊಟ್ಟ ಮಿತಿ 512 ಎಂಬಿ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್‌ನಲ್ಲಿ ವಿರ್ಟ್ (ವರ್ಚುವಲ್ ಮೆಮೊರಿ) ಕಾಲಂ ಹಲವು ಜಿಬಿ ತೋರಿಸುತ್ತದೆ, ಅದಕ್ಕೆ ಸುಮ್ನೆ ಹೆದರಬೇಕಿಲ್ಲ. ಅದರಲ್ಲಿ ಬಹುಪಾಲು ಬರೀ ಕಾದಿರಿಸಿದ ಜಾಗ. ನೋಡಬೇಕಾದ್ದು ರೆಸ್, ಅಂದರೆ ನಿಜವಾಗಿ ರ್‍ಯಾಮ್‌ನಲ್ಲಿ ಕೂತಿರುವ ಮೆಮೊರಿ. ಪ್ರೋಗ್ರಾಂ ಮತ್ತೆ ಶುರುಮಾಡಿದ ಸ್ವಲ್ಪ ಹೊತ್ತಿಗೇ ಅದು 800 ಎಂಬಿ ದಾಟಿತು. ಮಿತಿ ಇರೋದು ಹೀಪ್‌ಗೆ ಮಾತ್ರ ಅಲ್ವಾ? ಮೆಟಾಸ್ಪೇಸ್ (ಕ್ಲಾಸ್‌ಗಳ ಮಾಹಿತಿ ಇರುವ ಜಾಗ), ಜೆಐಟಿ (ಓಡುವಾಗಲೇ ಕಂಪೈಲ್ ಮಾಡುವ ಭಾಗ) ಮಾಡಿದ ಕೋಡ್, ಡೈರೆಕ್ಟ್ ಬಫರ್ (ಹೀಪ್ ಹೊರಗಿಡುವ ಡೇಟಾ), ಜಿಸಿ (ಬೇಡದ ಆಬ್ಜೆಕ್ಟ್ ತೆರವು ಮಾಡುವ ಭಾಗ) ತನಗೆಂದು ಇಟ್ಟುಕೊಳ್ಳುವ ಮೆಮೊರಿ, ಎಲ್ಲವೂ ಅದರ ಹೊರಗೆ. ಥ್ರೆಡ್‌ಗಳ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳ) ಸ್ಟ್ಯಾಕ್, ಅಂದರೆ ಪ್ರತಿಯೊಂದಕ್ಕೂ ಬೇಕಾದ ಮೆಮೊರಿ ಕೂಡ.

ಇವತ್ತು ಜಾವಾ ತನ್ನ ಮೆಮೊರಿಯ ಲೆಕ್ಕ ಕೊಡುವ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಿದೆ. ಆ ಲೆಕ್ಕ ಕೇಳುವ ಜೆಸಿಎಂಡಿ ಕಮಾಂಡ್ ಕೊಟ್ಟ ಪಟ್ಟಿಯಲ್ಲಿ ರಿಸರ್ವ್ಡ್ (ಬರೀ ಕಾದಿರಿಸಿದ್ದು) ಬಿಟ್ಟು ಕಮಿಟೆಡ್ (ಬಳಕೆಗೆ ತೆಗೆದುಕೊಂಡದ್ದು) ಅಂಕಿಗಳನ್ನು ಒಂದೊಂದಾಗಿ ಓದಿದೆ. ಥ್ರೆಡ್ ಸಾಲಿಗೆ ಬಂದಾಗ ಕಣ್ಣು ಅಲ್ಲೇ ನಿಂತಿತು. ನೂರಾರು ಥ್ರೆಡ್, ಅರ್ಧಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಕೂತಿದ್ದವು.

ಇಷ್ಟು ವರ್ಷ ಹೀಪ್ ಗ್ರಾಫ್ ಒಂದನ್ನೇ ನೋಡಿ ನೆಮ್ಮದಿಯಾಗಿದ್ದೆ. ಹಿಂದೆ ಹೀಗೇ ನಿಂತುಹೋದ ಎಷ್ಟು ಪ್ರೋಗ್ರಾಂಗಳ ಕಾರಣ ಇಲ್ಲೇ ಇತ್ತೋ ಏನೋ ಅನಿಸಿ ಬೇಜಾರಾಯಿತು.

ಥ್ರೆಡ್ ಪೂಲ್ (ಕೆಲಸಕ್ಕೆ ಸಿದ್ಧವಿಟ್ಟ ಥ್ರೆಡ್‌ಗಳ ಗುಂಪು) ಚಿಕ್ಕದು ಮಾಡಿ, ಹೋಲಿಕೆಗೆ ಈಗಿನ ಅಂಕಿಗಳ ಬೇಸ್‌ಲೈನ್ ತೆಗೆದಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ಡಿಫ್, ಅಂದರೆ ಅದಕ್ಕೂ ಆಗಿನದಕ್ಕೂ ಇರುವ ವ್ಯತ್ಯಾಸ, ನೋಡಬೇಕು.