ಎರೆ ಚೆಲ್ಲಿದರೆ ಮೀನಿನ ಹೊಟ್ಟೆ ತುಂಬಿಹೋಗುವುದಿಲ್ಲವೇ?

ಉಡುಪಿ ಜಿಲ್ಲೆಯ ಕೋಡಿಬೇಂಗ್ರೆಯ ಅಳಿವೆಯಲ್ಲಿ ಗಾಳ ಹಾಕಿ ಕುಳಿತಾಗ ನನ್ನ ಪಕ್ಕದ ಬಾಲ್ದಿಯನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. ಗಾಳಕ್ಕೆ ಸಿಕ್ಕಿಸುವ ಎರೆಯಲ್ಲದೆ ಇಷ್ಟೊಂದು ತೌಡು, ಬೂತಾಯಿ ಮೀನುಗಳನ್ನು ಕಲಸಿ ನೀರಿಗೆ ಚೆಲ್ಲುವುದೇಕೆ, ಅದನ್ನೇ ತಿಂದು ಹೊಟ್ಟೆ ತುಂಬಿದ ಮೀನು ಗಾಳದ ಕಡೆಗೆ ಏಕೆ ಬರಬೇಕು ಎಂದು ಅವರು ಕೇಳುತ್ತಾರೆ. ಇದರ ಬೆನ್ನಿಗೇ, ಬಹುತೇಕ ಅದೇ ಉಸಿರಿನಲ್ಲಿ, ಅದನ್ನು ಮಾಡುವ ಅಳತೆಯನ್ನೂ ಕೇಳುತ್ತಾರೆ. ಅಳತೆ ಹೇಳುವುದು ಸುಲಭ. ಆದರೆ ಚೆಲ್ಲಿದ ಎರೆ ನೀರಿನಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕದವನಿಗೆ ಯಾವ ಅಳತೆಯೂ ಪ್ರಯೋಜನಕ್ಕೆ ಬರುವುದಿಲ್ಲ. ನನಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ.

ಮೊದಲ ಸಲ ನಾನು ಸುಮಾರು ಮೂರು ಕಿಲೋ ಮಿಶ್ರಣವನ್ನು ಕಲಸಿಕೊಂಡು ಹೋದದ್ದು ಇಳಿತದ ಹೊತ್ತಿನಲ್ಲಿ. ಸುವರ್ಣಾ ಮತ್ತು ಸೀತಾ ನದಿಗಳೆರಡೂ ಕೂಡಿ ಕಡಲಿಗೆ ಸೇರುವ ಆ ಜಾಗದಲ್ಲಿ ಇಳಿತದ ಸೆಳೆತ ಎಷ್ಟು ಬಿರುಸಾಗಿರುತ್ತದೆ ಎಂಬುದನ್ನು ಯೋಚಿಸದೆ, ಕೋಳಿಗೆ ಕಾಳು ಎರಚುವ ಹಾಗೆ ಅದನ್ನು ಕಾಲ ಬುಡದಲ್ಲೇ ಎರಚಿದೆ. ಎರಡು ಗಂಟೆಗಳಲ್ಲಿ ನನ್ನ ಗಾಳಕ್ಕೆ ಸಿಕ್ಕಿದ್ದು ಒಂದು ಏಡಿ. ಐವತ್ತು ಅರವತ್ತು ಮೀಟರ್ ಕೆಳಗೆ ಬರಿಯ ಕೈದಾರ ಹಿಡಿದು ಕುಳಿತಿದ್ದ ಹಿರಿಯರೊಬ್ಬರು ಮಾತ್ರ ಒಂದರ ಹಿಂದೆ ಒಂದರಂತೆ ಏರಿ ಎಂಬ ಜಾತಿಯ ಮೀನುಗಳನ್ನು ಎಳೆಯುತ್ತಲೇ ಇದ್ದರು. ಹೊರಡುವಾಗ ನನ್ನ ಬಾಲ್ದಿಯನ್ನೊಮ್ಮೆ ಇಣುಕಿ ನೋಡಿ, "ನೀವು ಹಾಕಿದ್ದೆಲ್ಲ ನನಗಾಯ್ತು ಮಾರಾಯ್ರೆ" ಎಂದು ನಕ್ಕರು. ಎರಡು ಮೀನುಗಳನ್ನು ನನಗೂ ಕೊಟ್ಟರು ಎಂಬುದನ್ನು ಹೇಳದಿದ್ದರೆ ತಪ್ಪಾದೀತು.

ಹೊಟ್ಟೆ ತುಂಬುವ ಪ್ರಶ್ನೆಗೆ ಉತ್ತರ ಆ ಹಿರಿಯರ ಬುಟ್ಟಿಯಲ್ಲೇ ಇತ್ತು. ನಾವು ನೀರಿಗೆ ಕೊಡಬೇಕಾದದ್ದು ಊಟವನ್ನಲ್ಲ, ಊಟದ ವಾಸನೆಯನ್ನು. ಜಜ್ಜಿದ ಮೀನು ಮತ್ತು ಸಿಗಡಿಯಿಂದ ನೀರಿನಲ್ಲಿ ಕರಗಿ ಹರಡುವ ಅಮೈನೋ ಆಮ್ಲಗಳನ್ನು ಮೀನುಗಳು ಬಹಳ ಸಣ್ಣ ಪ್ರಮಾಣದಲ್ಲಿಯೂ ಗುರುತಿಸಬಲ್ಲವು, ಆ ಜಾಡನ್ನು ಹಿಡಿದು ಸೆಳೆತದ ವಿರುದ್ಧ ಈಜಿಕೊಂಡು ಬರಬಲ್ಲವು. ಹಾಗೆ ಬಂದ ಮೀನಿಗೆ ಅಲ್ಲಿ ಪುಡಿಪುಡಿಯಾದ ತೌಡಿನ ನಡುವೆ ಬಾಯಿಗೆ ಹಿಡಿಯುವಂಥ ತುಂಡೊಂದೇ ಕಾಣಬೇಕು, ಅದು ಗಾಳದಲ್ಲಿ ಇರಬೇಕು. ಆದ್ದರಿಂದಲೇ ಚೆಲ್ಲುವ ಮಿಶ್ರಣದಲ್ಲಿ ಕಡಲೆಕಾಳಿಗಿಂತ ದೊಡ್ಡ ಚೂರು ಇರಕೂಡದು, ಮತ್ತು ಗಾಳಕ್ಕೆ ಸಿಕ್ಕಿಸುವುದು ಮಿಶ್ರಣದಲ್ಲಿರುವ ಮೀನಿನ ಅಥವಾ ಸಿಗಡಿಯ ತುಂಡೇ ಆಗಿರಬೇಕು.

ನನ್ನ ಅಳತೆ ಹೀಗಿದೆ. ಒಂದು ಕಿಲೋ ಬೂತಾಯಿಗೆ ಎರಡು ಕಿಲೋ ತೌಡು, ಅರ್ಧ ಕಿಲೋ ನೆಲಗಡಲೆ ಹಿಂಡಿ, ಸೆಳೆತ ಜೋರಾಗಿದ್ದರೆ ಅದೇ ದಂಡೆಯ ಒಂದು ಕಿಲೋ ಮರಳು. ಸಿಗಡಿ ಸುಲಿದ ದಿನ ತಲೆ ಮತ್ತು ಸಿಪ್ಪೆಗಳನ್ನು ತೆಗೆದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಸೇರಿಕೆ ಇನ್ನೊಂದಿಲ್ಲ. ಏರಿಯಂತಹ ಗಟ್ಟಿ ಹಲ್ಲಿನ ಮೀನಿಗಾದರೆ ಒಂದು ಹಿಡಿ ಪಚ್ಚಿಲೆಯನ್ನು ಚಿಪ್ಪಿನ ಸಮೇತ ಜಜ್ಜಿ ಹಾಕುತ್ತೇನೆ. ಬೂತಾಯಿಯನ್ನು ಹಿಂದಿನ ರಾತ್ರಿಯೇ ಎರಡು ಹಿಡಿ ಕಲ್ಲುಪ್ಪಿನಲ್ಲಿ ಹಾಕಿಟ್ಟು, ಬೆಳಿಗ್ಗೆ ಹುರುಪೆ, ತಲೆ, ಕರುಳು ಯಾವುದನ್ನೂ ತೆಗೆಯದೆ ಹಳೆಯ ಬಾಲ್ದಿಯಲ್ಲಿ ಮರದ ದೊಣ್ಣೆಯಿಂದ ಜಜ್ಜಬೇಕು. ಮಿಕ್ಸಿ ಬೇಡ. ಮನೆಯವರ ಕೋಪ ಒಂದು ಕಾರಣವಾದರೆ, ನುಣ್ಣಗಾದ ಹಿಟ್ಟು ನೀರಿಗೆ ಬಿದ್ದ ಕ್ಷಣವೇ ಮೋಡದಂತೆ ಹರಡಿ ಮಾಯವಾಗುವುದು ಇನ್ನೊಂದು ಕಾರಣ. ಒರಟಾಗಿ ಜಜ್ಜಿದ್ದು ನಿಧಾನವಾಗಿ ವಾಸನೆ ಬಿಡುತ್ತದೆ.

ತೌಡಿನಲ್ಲೂ ವ್ಯತ್ಯಾಸವಿದೆ. ಕುಚ್ಚಲಕ್ಕಿಯ ತೌಡಿನಲ್ಲಿ ಎಣ್ಣೆಯಂಶ ಹೆಚ್ಚು, ಮತ್ತು ಭತ್ತವನ್ನು ಬೇಯಿಸುವಾಗಲೇ ಎಣ್ಣೆಯನ್ನು ಕೆಡಿಸುವ ಕಿಣ್ವವು ನಾಶವಾಗುವುದರಿಂದ ಅದು ಬೇಯಿಸದ ಭತ್ತದ ಅಕ್ಕಿಯಾದ ಬೆಳ್ತಿಗೆಯ ತೌಡಿನಷ್ಟು ಬೇಗ ಕಮಟು ಹಿಡಿಯುವುದಿಲ್ಲ. ಬೂತಾಯಿಯ ಕೊಬ್ಬು ಮಳೆಗಾಲ ಕಳೆದ ಮೇಲೆ ಏರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಜಜ್ಜಿದರೆ ಬಾಲ್ದಿಯ ಅಂಚಿನಲ್ಲಿ ಎಣ್ಣೆಯ ಗೆರೆ ಕಾಣುವಷ್ಟು. ಆದರೆ ಎಣ್ಣೆಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲುವುದರಿಂದ, ಮೇಲುನೀರಿನಲ್ಲಿ ಓಡಾಡುವ ಮೀನಿಗೆ ಅದು ಸರಿಯೇ ಹೊರತು, ತಳದಲ್ಲಿ ಮೇಯುವ ಏರಿ, ಕೆಂಬೇರಿಗಳಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಅಂಗಡಿಯಿಂದ ಮೀನೆಣ್ಣೆಯ ಸೀಸೆ ತಂದು ಸುರಿಯುವವರನ್ನು ಕಂಡಾಗ ನನಗೆ ಆ ಹಣದ ಬಗ್ಗೆ ಮರುಕವಾಗುತ್ತದೆ. ಕೊಳೆತಷ್ಟೂ ಒಳ್ಳೆಯದು ಎಂಬುದು ಇನ್ನೊಂದು ತಪ್ಪು ನಂಬಿಕೆ. ಕೊಳೆತ ಎರೆಗೆ ಮುಖ್ಯವಾಗಿ ಬರುವುದು ಏಡಿ ಮತ್ತು ತೇಡೆ ಮೀನು. ತೇಡೆಯ ಬೆನ್ನಿನ ಮುಳ್ಳು ಒಮ್ಮೆ ಕೈಗೆ ಚುಚ್ಚಿದವರು ಆ ನಂಬಿಕೆಯನ್ನು ಅಂದೇ ಬಿಡುತ್ತಾರೆ. "ಏನಾದರೂ ಔಷಧಿ ಸೇರಿಸಬಹುದೇ" ಎಂದು ದನಿ ತಗ್ಗಿಸಿ ಕೇಳುವವರೂ ಇದ್ದಾರೆ. ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕಾ ಕಾಯ್ದೆಯೇ ಅಪರಾಧವೆಂದು ಹೇಳಿದೆ. ಅಂಥವರೊಂದಿಗೆ ನಾನು ಮಾತು ಮುಂದುವರಿಸುವುದಿಲ್ಲ.

ನೀರು ಸೇರಿಸುವುದನ್ನು ದಂಡೆಯಲ್ಲೇ, ಅಲ್ಲಿನ ನೀರಿನಿಂದಲೇ ಮಾಡಬೇಕು. ಹಿಡಿಹಿಡಿಯಾಗಿ ಚಿಮುಕಿಸಿ ಕಲಸಿ, ತೌಡು ನೀರು ಕುಡಿಯಲು ಹತ್ತು ನಿಮಿಷ ಬಿಟ್ಟು, ಕಿತ್ತಳೆ ಹಣ್ಣಿನ ಗಾತ್ರದ ಒಂದು ಉಂಡೆ ಕಟ್ಟಿ ಇನ್ನೊಂದು ಬಾಲ್ದಿ ನೀರಿಗೆ ಬಿಟ್ಟು ನೋಡಬೇಕು. ಉಂಡೆ ಇಡಿಯಾಗಿ ತಳ ಸೇರಿ, ಮೊದಲು ಅಂಚಿನಿಂದ ನಾಲ್ಕಾರು ತೌಡಿನ ಹುಡಿ ಮೇಲೇಳಬೇಕು; ಆಮೇಲೆ ಮೈಯಲ್ಲಿ ಬಿರುಕು ಬಿಟ್ಟು, ಎರಡು ಮೂರು ನಿಮಿಷಗಳಲ್ಲಿ ತಾನಾಗಿ ಕುಸಿಯಬೇಕು. ನೀರಿನ ಮಧ್ಯದಲ್ಲೇ ಒಡೆದರೆ ಇನ್ನಷ್ಟು ಗಟ್ಟಿಯಾಗಿ ಹಿಸುಕಬೇಕು. ಐದು ನಿಮಿಷ ಕಳೆದರೂ ಜೇಡಿಮಣ್ಣಿನಂತೆ ಕುಳಿತೇ ಇದ್ದರೆ ನೀರು ಹೆಚ್ಚಾಗಿದೆ ಎಂದರ್ಥ, ಒಣ ತೌಡು ಸೇರಿಸಬೇಕು.

ಇನ್ನು ಲೆಕ್ಕ. ಒಂದು ಒಣ ಕಡ್ಡಿಯನ್ನು ನೀರಿಗೆ ಹಾಕಿ, ದಂಡೆಯ ಮೇಲೆ ಅದರ ಜೊತೆಯಲ್ಲೇ ನಡೆದರೆ ಸೆಳೆತದ ವೇಗ ತಿಳಿಯುತ್ತದೆ. ಉಂಡೆಯನ್ನು ಹರಿದ ಬಲೆಯ ತುಂಡಿನಲ್ಲಿ ಸುತ್ತಿ ದಾರ ಕಟ್ಟಿ ಬಿಟ್ಟು, ದಾರದ ಎಳೆತ ನಿಲ್ಲುವವರೆಗೆ ಎಣಿಸಿದರೆ ಅದು ಮುಳುಗಲು ಹಿಡಿಯುವ ಹೊತ್ತು ತಿಳಿಯುತ್ತದೆ. ಸೆಳೆತ ಸೆಕೆಂಡಿಗೆ ಅರ್ಧ ಮೀಟರ್ ಇದ್ದು, ಉಂಡೆ ತಳ ಮುಟ್ಟಲು ಎಂಟು ಸೆಕೆಂಡು ಬೇಕಾದರೆ, ಅದು ಬಿದ್ದಲ್ಲಿಂದ ಸೆಳೆತದ ದಿಕ್ಕಿನಲ್ಲಿ ನಾಲ್ಕು ಮೀಟರ್ ಆಚೆ ಕೂರುತ್ತದೆ. ಆದ್ದರಿಂದ ಗಾಳ ಇರುವ ಜಾಗಕ್ಕಿಂತ ಅಷ್ಟೇ ದೂರ, ಸೆಳೆತ ಬರುವ ಕಡೆಗೆ ಎಸೆಯಬೇಕು. ಉಂಡೆ ಕಟ್ಟದೆ ಎರಚಿದ ತೌಡಿಗೆ ತಳ ಸೇರಲು ಎರಡು ನಿಮಿಷ ಬೇಕೆಂದುಕೊಂಡರೆ, ಅದೇ ಸೆಳೆತದಲ್ಲಿ ಅದು ಅರವತ್ತು ಮೀಟರ್ ಸಾಗಿರುತ್ತದೆ. ಆ ಹಿರಿಯರು ಕುಳಿತಿದ್ದದ್ದು ಸರಿಯಾಗಿ ಅಲ್ಲಿಯೇ. ತಳದ ಹತ್ತಿರ ಸೆಳೆತ ಮೇಲಿನದಕ್ಕಿಂತ ಕಡಿಮೆ ಇರುವುದರಿಂದ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಕೆಲಸ ನಡೆಯುತ್ತದೆ. ನೀರು ಏರಲು ತೊಡಗಿದ ಮೇಲೆ ದಿಕ್ಕು ತಿರುಗುವುದನ್ನು ಮರೆಯಬಾರದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತಗಳಿದ್ದು, ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ.

ಮೊದಲಿಗೆ ನಾಲ್ಕು ಉಂಡೆ, ಆಮೇಲೆ ಹತ್ತು ನಿಮಿಷಕ್ಕೊಂದು. ಮೀನು ಕಚ್ಚಲು ಶುರುವಾದೊಡನೆ ಉಮೇದಿನಿಂದ ಹೆಚ್ಚು ಸುರಿದರೆ ಆಗ ಮಾತ್ರ ಹೊಟ್ಟೆ ತುಂಬುವ ಭಯ ನಿಜವಾಗುತ್ತದೆ. ತಡೆಗೋಡೆಯ ಕಲ್ಲುಗಳ ಮೇಲೆ ಕೂರುವವರು ಉಂಡೆಯ ಬದಲು ಮಿಶ್ರಣವನ್ನು ಬಲೆಯಂಥ ಈರುಳ್ಳಿ ಚೀಲದಲ್ಲಿ ತುಂಬಿ, ಜೊತೆಗೊಂದು ಕಲ್ಲು ಹಾಕಿ ಹಗ್ಗದಲ್ಲಿ ಇಳಿಬಿಡಬಹುದು; ಅಲೆ ಬಂದಾಗಲೆಲ್ಲ ಅದೇ ಅಲುಗಾಡಿಸಿ ವಾಸನೆ ಬಿಡಿಸುತ್ತದೆ. ಚೀಲವನ್ನು ಮರಳಿ ಎಳೆದುಕೊಂಡು ಮನೆಗೆ ತರಬೇಕು. ಮಕ್ಕಳು ಈಜುವ ದಂಡೆಯಲ್ಲಂತೂ ಈ ಕೆಲಸವೇ ಕೂಡದು.

ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡುವ ಸಾಹಸ ಮಾಡಬೇಡಿ. ತೆಂಗಿನ ಬುಡಕ್ಕೆ ಹಾಕಿ. ಉಪ್ಪು ಬೆರೆತಿದೆ ಎಂಬ ಹಿಂಜರಿಕೆ ಬೇಡ, ತೆಂಗಿಗೆ ಉಪ್ಪನ್ನೂ ಬೂತಾಯಿಯನ್ನೂ ಹಾಕುವುದು ನಮ್ಮಲ್ಲಿ ಹಳೆಯ ರೂಢಿಯೇ. ಒಂದಡಿಯಾದರೂ ಆಳ ತೋಡಿ ಮುಚ್ಚಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಊರ ನಾಯಿಗಳೆಲ್ಲ ಅಂಗಳದಲ್ಲಿರುತ್ತವೆ.