ಗೂಡುಪೆಟ್ಟಿಗೆ ನೋಡಲು ಹೊರಟಿದ್ದೀರಾ? ತಿಂಗಳಲ್ಲ, ವಾರ ಕೇಳಿಕೊಳ್ಳಿ

ಹಳ್ಳಿಗಾಡಿನ ಪ್ರಕೃತಿ ಅಧ್ಯಯನ ಕೇಂದ್ರಗಳ ಕರಪತ್ರದಲ್ಲಿ ಗೂಡು ಕಟ್ಟಲೆಂದು ಇಟ್ಟ ಪೆಟ್ಟಿಗೆಯ ತೂತಿನಿಂದ ಇಣುಕುವ ಹಕ್ಕಿಯ ಚಿತ್ರ ಇದ್ದೇ ಇರುತ್ತದೆ. ಅದನ್ನು ನಂಬಿ ಹೋದ ಎಷ್ಟೋ ಜನ ಮರಕ್ಕೆ ಹೊಡೆದ ಬರೀ ಡಬ್ಬಿ ನೋಡಿಕೊಂಡು ವಾಪಸಾಗುತ್ತಾರೆ. ತಪ್ಪು ಹಕ್ಕಿಯದಲ್ಲ, ಅವರು ಹೋಗಲು ಆರಿಸಿಕೊಂಡ ವಾರದ್ದು.

ಯೂರೋಪಿನ ಕಾಡುಗಳಲ್ಲಿ ಪೆಟ್ಟಿಗೆಗೆ ಹೆಚ್ಚಾಗಿ ಬರುವ ಬ್ಲೂ ಟಿಟ್, ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳನ್ನೇ ನೋಡಿ. ದಿನಕ್ಕೊಂದರಂತೆ ಎಂಟು-ಹತ್ತು ಮೊಟ್ಟೆ ಇಡುವಾಗ ಹೆಣ್ಣು ಅವನ್ನು ಪಾಚಿ, ಕೂದಲಿನಿಂದ ಮುಚ್ಚಿ ಹೊರಗೆ ಹೋಗಿಬಿಡುತ್ತದೆ. ಆಗ ಪೆಟ್ಟಿಗೆಯೊಳಗೆ ಇಟ್ಟ ಕ್ಯಾಮೆರಾದ ಪರದೆಯಲ್ಲೂ ಪಾಳು ಗೂಡೇ ಕಾಣುವುದು. ಮುಂದಿನ ಎರಡು ವಾರ ಕಾವು. ಹೆಣ್ಣು ಹೆಚ್ಚು ಹೊತ್ತು ಒಳಗೇ ಇರುತ್ತದೆ, ನಡುನಡುವೆ ಸ್ವಲ್ಪ ಹೊತ್ತಷ್ಟೇ ಹೊರಬರುತ್ತದೆ. ಮರಿ ಒಡೆದ ಮೇಲಿನ ಸುಮಾರು ಮೂರು ವಾರಗಳೇ ನಿಜವಾದ ನೋಟ, ಅದರಲ್ಲೂ ಎರಡನೆಯ ವಾರ. ತಾಯಿ ತಂದೆ ಇಬ್ಬರೂ ಬಿಡುವಿಲ್ಲದೆ ಕಂಬಳಿಹುಳು ತಂದು ಹಾಕುತ್ತವೆ, ಹೋಗುವಾಗ ಮರಿಯ ಹಿಕ್ಕೆಯ ಬಿಳಿ ಪೊಟ್ಟಣವನ್ನು ಕೊಕ್ಕಲ್ಲಿ ಕಚ್ಚಿಕೊಂಡು ಹಾರುತ್ತವೆ. ಈ ಪೊಟ್ಟಣ ಕಂಡಿತೆಂದರೆ ಒಳಗೆ ಮರಿಗಳಿವೆ, ಅನುಮಾನವೇ ಬೇಡ.

ಹಳೆಯ ಪುಸ್ತಕದ ದಿನಾಂಕ ನೋಡಿ ಟಿಕೆಟ್ ಮಾಡಿಸಬೇಡಿ. ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ 1947ರಿಂದ ಗ್ರೇಟ್ ಟಿಟ್‌ಗಳ ಲೆಕ್ಕ ಇಡುತ್ತಿದ್ದಾರೆ. ವಸಂತ ಬೇಗ ಬೆಚ್ಚಗಾಗುತ್ತಿರುವುದರಿಂದ ಅಲ್ಲಿ ಮೊಟ್ಟೆ ಇಡುವ ಕಾಲ 1960ರ ದಶಕಕ್ಕಿಂತ ಸುಮಾರು ಎರಡು ವಾರ ಮುಂಚೆಯೇ ಬರುತ್ತಿದೆ. ಕೇಂದ್ರಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಮರಿ ಒಡೆದು ಎಷ್ಟು ದಿನವಾಯಿತು?" ಉತ್ತರ ಬರದಿದ್ದರೆ ಅಲ್ಲಿ ಪೆಟ್ಟಿಗೆಗಳನ್ನು ಯಾರೂ ನಿಯಮಿತವಾಗಿ ನೋಡುತ್ತಿಲ್ಲ ಎಂದೇ ಅರ್ಥ. ಬೇರೆ ಕಡೆ ಹುಡುಕಿ.

ಒಳ್ಳೆಯ ಕೇಂದ್ರವನ್ನು ಪೆಟ್ಟಿಗೆಯಲ್ಲೇ ಗುರುತಿಸಬಹುದು. ತೂತು ಬ್ಲೂ ಟಿಟ್‌ಗೆ 25 ಮಿ.ಮೀ., ಗ್ರೇಟ್ ಟಿಟ್‌ಗೆ 28, ಗುಬ್ಬಚ್ಚಿಗೆ 32. ಮರಕುಟಿಗ ತೂತು ಅಗಲಿಸಿ ಮರಿಗಳನ್ನು ಎಳೆದುಕೊಳ್ಳದಂತೆ ಸುತ್ತ ಲೋಹದ ತಗಡು ಇರಬೇಕು. ತೂತಿನ ಕೆಳಗೆ ಕೂರಲು ಕಡ್ಡಿ ಸಿಕ್ಕಿಸಿದ್ದರೆ ಅದು ಬರೀ ಅಲಂಕಾರ. ಹಕ್ಕಿಗೆ ಅದು ಬೇಕಿಲ್ಲ, ಬೇಟೆಗೆ ಬರುವ ಪ್ರಾಣಿಗೆ ಮಾತ್ರ ಆಸರೆ.

ನಿಲ್ಲುವಾಗ ತೂತಿನ ನೇರಕ್ಕೆ ಬೇಡ. ಪಕ್ಕಕ್ಕೆ ಸರಿದು, ಹದಿನೈದು ಮೀಟರ್ ದೂರದಲ್ಲಿ ನಿಂತು ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಹಿಡಿಯಿರಿ. ಹಕ್ಕಿ ಹುಳು ಕಚ್ಚಿಕೊಂಡೇ ಪಕ್ಕದ ಕೊಂಬೆಯಲ್ಲಿ ಕೂತು ಕಿರುಚುತ್ತಾ ಒಳಗೆ ಹೋಗದಿದ್ದರೆ ನೀವು ತೀರಾ ಹತ್ತಿರವಿದ್ದೀರಿ, ಒಳಗೆ ಮರಿಗಳು ಹಸಿದಿವೆ. ತಕ್ಷಣ ಹಿಂದೆ ಸರಿಯಿರಿ. ವಾರಾಂತ್ಯದ ಗುಂಪಿನಲ್ಲಿ ಇದೇ ಪದೇ ಪದೇ ಆಗುತ್ತದೆ, ಹಾಗಾಗಿ ವಾರದ ನಡುವಿನ ಬೆಳಗ್ಗೆಯೇ ವಾಸಿ. ಜೋರು ಮಳೆಯ ದಿನ ಹುಳು ಸಿಗುವುದು ಕಷ್ಟ, ಹಕ್ಕಿ ಬರುವುದೂ ಅಪರೂಪ. ಅವತ್ತು ಕ್ಯಾಮೆರಾ ಪರದೆಯೇ ಗತಿ.

ಮರಿಗಳು ಗೂಡು ಬಿಟ್ಟು ಹಾರುವ ಮುಂಚಿನ ಕೊನೆಯ ದಿನಗಳಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿ ಎಂದು ಯಾರನ್ನೂ ಕೇಳಬೇಡಿ. ಬಲಿಯದ ಮರಿಗಳು ಗಾಬರಿಯಿಂದ ಹೊರಗೆ ಧುಮುಕುತ್ತವೆ, ಮತ್ತೆ ಒಳಗೆ ಬಿಟ್ಟರೂ ನಿಲ್ಲುವುದಿಲ್ಲ.