ಎಲ್ಲದಕ್ಕೂ ಒಂದೇ ಲೈನ್ ಸಾಕಾ?

ಫ್ಲೈ ಫಿಶಿಂಗ್ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದೇ ಯಾವ ರಾಡ್ ತಗೊಳ್ಳಲಿ ಅಂತ. ರಾಡ್ ಆಮೇಲೆ, ಮೊದಲು ಲೈನ್, ಅಂದರೆ ದಾರ ನೋಡಿ ಅನ್ನುತ್ತೇನೆ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರಿ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಗರಿ, ನೂಲು ಸುತ್ತಿ ಹುಳದ ಥರ ಮಾಡಿದ ಫ್ಲೈಗೆ ಭಾರವೇ ಇಲ್ಲ. ದಾರವೇ ಅದನ್ನು ಹೊತ್ತುಕೊಂಡು ಹೋಗಬೇಕು.

ಒಂದೇ ಲೈನ್ ಕೊಳ್ಳುವುದಾದರೆ ವೇಟ್ ಫಾರ್ವರ್ಡ್ ಫ್ಲೋಟಿಂಗ್ ತಗೊಳ್ಳಿ. ಮುಂದಿನ ಭಾಗ ದಪ್ಪ, ಹಿಂದಿನದು ತೆಳು, ನೀರಿನ ಮೇಲೆ ತೇಲುತ್ತದೆ. ಆಳದ ಮೀನು ಬೇಕೆಂದರೆ ತುದಿಗೆ ಮುಳುಗುವ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಕಟ್ಟಿದರೆ ಆಯಿತು. ಕೆರೆಯ ಜಿಲೇಬಿ ಮೀನಿಗೆ 6ನೇ ನಂಬರ್ ಲೈನ್ ಧಾರಾಳ ಸಾಕು; ನಂಬರ್ ಏರಿದಷ್ಟೂ ಲೈನ್ ಭಾರ. ಹಿಡಿಯುವ ಮುಂಚೆ ಅನುಮತಿ ಕೇಳಿಕೊಳ್ಳಿ, ಬೆಂಗಳೂರಿನ ಎಲ್ಲ ಕೆರೆಯಲ್ಲೂ ಗಾಳ ಹಾಕುವಂತಿಲ್ಲ.

ಆದರೆ ಡಬ್ಬಿ ಮೇಲಿನ ನಂಬರನ್ನು ಸುಮ್ನೆ ನಂಬಬೇಡಿ. ಲೆಕ್ಕದ ಪ್ರಕಾರ 6ನೇ ನಂಬರ್ ಲೈನಿನ ಮೊದಲ 30 ಅಡಿ 160 ಗ್ರೇನ್ ತೂಗಬೇಕು, ಅಂದರೆ 10.4 ಗ್ರಾಂ. ಈಗಿನ ಗಟ್ಟಿ ರಾಡ್‌ಗಳಿಗೆ ಹೊಂದಲಿ ಅಂತ ಎಷ್ಟೋ ಲೈನ್‌ಗಳನ್ನು ಬೇಕಂತಲೇ ಭಾರ ಮಾಡಿರುತ್ತಾರೆ. ನನ್ನ ಹಳೇ ರಾಡ್ ಮೆತ್ತಗಿನದು. ಹೊಸ ಲೈನ್ ಹಾಕಿದ ಮೇಲೆ ಎರಡು ತಿಂಗಳು ಎಷ್ಟು ಬೀಸಿದರೂ ದಾರ ಅರ್ಧದಲ್ಲೇ ಸೋತು ಬೀಳುತ್ತಿತ್ತು. ಕೊನೆಗೆ 30 ಅಡಿ ಅಳೆದು ಗುರುತು ಹಾಕಿ, ನಮ್ಮ ಬೀದಿಯ ಒಡವೆ ಅಂಗಡಿಗೆ ಹೋಗಿ ಅಷ್ಟು ಭಾಗವನ್ನು ಮಾತ್ರ ತಕ್ಕಡಿ ಮೇಲೆ ಸುತ್ತಿಟ್ಟೆ. "ಏನ್ ಸಾರ್, ಸರಾನಾ ಇದು?" ಅಂದರು ಯಜಮಾನರು. ತೂಕ ಸರಿಯಾಗಿ 12 ಗ್ರಾಂ! ಅದು 7ನೇ ನಂಬರಿನ ತೂಕ. ನೀವೂ ಒಮ್ಮೆ ತೂಗಿಸಿ ನೋಡಿ, ಐದು ನಿಮಿಷದ ಕೆಲಸ ಅಲ್ವಾ?

ಇನ್ನೊಂದು ವಿಷಯ, ನಮ್ಮ ಬಿಸಿಲು. ತಣ್ಣೀರಿಗೆ ಮಾಡಿದ ಲೈನ್ ಏಪ್ರಿಲ್ ಮಧ್ಯಾಹ್ನದಲ್ಲಿ ಮೆತ್ತಗಾಗಿ, ಅಂಟಂಟಾಗಿ, ರಾಡಿನ ಬಳೆಗಳಲ್ಲಿ ಜಾರುವುದೇ ಇಲ್ಲ. ಟ್ರಾಪಿಕಲ್ ಅಂತ ಬರೆದಿರುವುದನ್ನೇ ಕೇಳಿ ತಗೊಳ್ಳಿ. ಅದನ್ನು ಊಟಿಯ ಚಳಿಗೆ ಒಯ್ದರೆ ಸ್ಪ್ರಿಂಗ್ ಥರ ಸುರುಳಿಯಾಗುತ್ತದೆ ನಿಜ, ಆದರೆ ವರ್ಷದಲ್ಲಿ ನಾವು ಅಲ್ಲಿಗೆ ಎಷ್ಟು ಸಲ ಹೋಗುತ್ತೇವೆ?

ಮನೆಗೆ ಬಂದ ಮೇಲೆ ಸೋಪಿನ ನೀರಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಲೈನನ್ನು ಅದರೊಳಗಿಂದ ಎಳೆಯಿರಿ. ಕೆರೆಯ ಪಾಚಿ, ಧೂಳು ಎಲ್ಲ ಕಪ್ಪು ಗೆರೆಯಾಗಿ ಬಟ್ಟೆಗೆ ಹತ್ತುತ್ತದೆ. ಗೆರೆ ಬರುವುದು ನಿಲ್ಲುವವರೆಗೂ ಎಳೆಯಿರಿ.